ಓನರಮ್ಮನ ಸಹಿಗೊಂದು ಪೆನ್ನು

ಮನೆಗೆ ಬಂದ ನೆಂಟರು ಕಾಫಿ ಲೋಟ ಎತ್ತಿಕೊಂಡರೆ ನಾನು ಅವರ ಮುಖ ನೋಡಲ್ಲವಂತೆ, ಲೋಟದ ಬಾಯಿ ಗುಂಡಗಿದೆಯೋ ಇಲ್ಲವೋ ಅಂತ ನೋಡ್ತೀನಂತೆ. ಇದು ನನ್ನ ಹೆಂಡತಿಯ ದೂರು. ಇದ್ದರೂ ಇರಬಹುದು. ಇಪ್ಪತ್ತೆರಡು ವರ್ಷದಿಂದ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಹಿತ್ತಾಳೆಯ ಸಣ್ಣಪುಟ್ಟ ಬಿಡಿಭಾಗಗಳನ್ನು ಅಳೆಯುತ್ತಾ ಕೂತಿದ್ದೀನಿ. ಅಳತೆ ಸರಿಯಿದ್ದರೆ ಹಸಿರು ಚೀಟಿ, ಕೂದಲೆಳೆ ಹೆಚ್ಚುಕಮ್ಮಿಯಾದರೆ ಕೆಂಪು ಚೀಟಿ. ಇಂಥವನಿಗೆ ಒಂದು ಹವ್ಯಾಸ ಬೇರೆ ಅಂಟಿಕೊಂಡರೆ ಏನಾಗಬಾರದೋ ಅದೆಲ್ಲ ಆಗುತ್ತೆ. ಒಂದು ಸಲ ಆಗಿ ಸುಮ್ಮನಾಗುತ್ತಾ ಅಂದರೆ ಅದೂ ಇಲ್ಲ, ವಾರಕ್ಕೊಂದರಂತೆ ಆಗುತ್ತೆ.

ನನಗೆ ಅಂಟಿದ್ದು ಪೆನ್ನು ಮಾಡುವ ಹುಚ್ಚು. ಇದಕ್ಕೆ ಕಿಟ್ ಅಂತ ಸಿಗುತ್ತೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಹಿತ್ತಾಳೆ ಕೊಳವೆ, ಪೆನ್ನಿನ ಮೂತಿ, ಮುಚ್ಚಳದ ತುದಿ, ಕ್ಲಿಪ್ಪು, ನಡುವಿಗೊಂದು ಬಳೆ, ಒಂದು ರೀಫಿಲ್ಲು. ಮರ ಮಾತ್ರ ನಮ್ಮದು. ಮರದ ತುಂಡಿಗೆ ತೂತು ಕೊರೆದು, ಕೊಳವೆ ಅಂಟಿಸಿ, ಪುಟ್ಟ ಲೇತಿನಲ್ಲಿ ಗಿರ್ರನೆ ತಿರುಗಿಸಿ, ಉಳಿ ಹಿಡಿದು ನುಣ್ಣಗೆ ಮಾಡಿ, ಮಿಕ್ಕಿದ್ದನ್ನು ಒತ್ತಿ ಕೂರಿಸಿದರೆ ಪೆನ್ನು ಸಿದ್ಧ. ಬೇರೆಯವರು ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ನನಗೆ ಮೊದಲನೇ ಪೆನ್ನಿಗೆ ನಾಲ್ಕು ತಿಂಗಳು ಹಿಡಿಯಿತು.

೧. ಕೊಟ್ಟಿಗೆಯ ಬಾಡಿಗೆ

ನಾಗಸಂದ್ರಕ್ಕೆ ಮೆಟ್ರೊ ಹೊಸದಾಗಿ ಬಂದಿದ್ದ ಕಾಲ. ನಾವು ಅಲ್ಲಿ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದೆವು. ಓನರಮ್ಮನದು ಆ ಊರಿನ ಹಳೇ ಮನೆತನ. ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಕಟ್ಟಡ ಎದ್ದು ಆರು ಸಂಸಾರ ಬಾಡಿಗೆಗಿದ್ದರೂ, ಕೆಳಗಡೆ ಕೊಟ್ಟಿಗೆಯನ್ನು ಮಾತ್ರ ಅವರು ಬಿಟ್ಟುಕೊಟ್ಟಿರಲಿಲ್ಲ. ಅದರಲ್ಲಿ ಒಂದೇ ಒಂದು ಎಮ್ಮೆ. ಎಮ್ಮೆಯ ಪಕ್ಕ ಒಂದಿಷ್ಟು ಖಾಲಿ ಜಾಗ.

ನನ್ನ ಲೇತು ಮೊದಲು ಬಾಲ್ಕನಿಯಲ್ಲಿತ್ತು. ಎರಡು ದಿನ ಇತ್ತು. ಮೂರನೇ ದಿನ ಒಣಹಾಕಿದ್ದ ಸೀರೆಗಳ ಮೇಲೆಲ್ಲ ಮರದ ಹೊಟ್ಟು ಕೂತದ್ದನ್ನು ಕಂಡ ಹೆಂಡತಿ, ಈ ಮನೆಯಲ್ಲಿ ಅದಿರಬೇಕು ಇಲ್ಲ ತಾನಿರಬೇಕು ಅಂದಳು. ನಾನು ಉತ್ತರ ಕೊಡೋದಕ್ಕೆ ಸ್ವಲ್ಪ ತಡ ಮಾಡಿದ್ದೇ ತಪ್ಪಾಯಿತು. ಲೇತು ಹೊತ್ತುಕೊಂಡು ಕೆಳಗಿಳಿದು ಓನರಮ್ಮನ ಮುಂದೆ ನಿಂತೆ.

ಓನರಮ್ಮ ಅರವತ್ತು ದಾಟಿದ ಗಟ್ಟಿ ಹೆಂಗಸು. ಬಾಡಿಗೆ ಎಷ್ಟು ಕೇಳ್ತಾರೋ ಅಂತ ನಾನು ಹೆದರಿದ್ದರೆ, ಅವರು ಆ ಕಡೆ ಈ ಕಡೆ ನೋಡಿ, ಬಾಗಿಲು ಮುಂದೆ ಮಾಡಿ, ತಮ್ಮ ಕಷ್ಟ ಹೇಳಿಕೊಂಡರು. ಊರಿನ ಹೆಂಗಸರ ಸಂಘಕ್ಕೆ ಅವರನ್ನು ಅಧ್ಯಕ್ಷೆ ಮಾಡಿದ್ದರು. ಜನ್ಮದಲ್ಲಿ ಹೆಬ್ಬೆಟ್ಟು ಬಿಟ್ಟು ಬೇರೇನೂ ಒತ್ತದ ಕೈ ಅದು. ಅಧ್ಯಕ್ಷೆ ಹೆಬ್ಬೆಟ್ಟು ಒತ್ತಿದರೆ ಹೇಗೆ ಅಂತ, ನನ್ನ ಹೆಂಡತಿಯ ಹತ್ತಿರವೇ ಕೂತು ಹೆಸರಿನ ಐದಕ್ಷರ ಕಲಿತಿದ್ದರು. ಬ್ಯಾಂಕಿನಲ್ಲಿ ಸಂಘದ ಖಾತೆ ತೆರೆಯುವ ದಿನ ಮೊಟ್ಟಮೊದಲ ಸಹಿ ಹಾಕಿದರು. ನೇಗಿಲು ಒತ್ತಿದ ಹಾಗೆ ಒತ್ತಿ, ಐದಕ್ಷರಕ್ಕೆ ಅರ್ಧ ಗಂಟೆ ತಗೊಂಡು, ಒಂದು ಅರ್ಜಿಯನ್ನು ಹರಿದು, ಎರಡನೆಯದರಲ್ಲಿ ಹೇಗೋ ದಡ ಸೇರಿದ್ದರು.

ಅದನ್ನು ಪಕ್ಕದಲ್ಲಿ ಕೂತು ನೋಡಿದವಳು ಅವರ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಏಳನೇ ಕ್ಲಾಸು ಪಾಸು, ಸಂಘದ ಕಾರ್ಯದರ್ಶಿ. ಸಂಜೆಯೊಳಗೆ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳಂತೆ, "ನಮ್ಮಕ್ಕ ಸಹಿ ಆಕಾಕಿಲ್ಲ, ಉಳುಮೆ ಮಾಡ್ತದೆ" ಅಂತ.

ಈಗ ಸಂಘದಿಂದ ಹೊಲಿಗೆ ಮಿಷಿನ್ ಕೊಳ್ಳುವುದಿತ್ತು. ಅದರ ಚೆಕ್ಕಿಗೆ ನಲವತ್ತು ಹೆಂಗಸರ ಮುಂದೆ ಓನರಮ್ಮ ಸಹಿ ಹಾಕಬೇಕು.

"ಅವತ್ತು ನನ್ ಮರ್ವಾದೆ ಉಳ್ಸೋಂತ ಪೆನ್ನು ಮಾಡ್ಕೊಡು ಮಗಾ," ಅಂದರು. "ಮಾಡ್ಕೊಟ್ರೆ ಕೊಟ್ಟಿಗೆ ನಿಂದು, ಬಾಡ್ಗೆ ಬ್ಯಾಡ. ಇಲ್ದಿದ್ರೆ ನಿನ್ ಮಿಷಿನ್ನೂ ಆಚೆ, ನೀನೂ ಆಚೆ."

ಅವರ ಕೈಯಲ್ಲಿ ಒಂದು ಸಹಿ ಹಾಕಿಸಿ ನೋಡಿದೆ. ಬಾಲ್ ಪೆನ್ನು ಒತ್ತಿದರೇ ಬರೆಯೋದು. ಇವರು ಮೊದಲೇ ಒತ್ತುವವರು, ಕೆಳಗಿದ್ದ ಪುಸ್ತಕದ ನಾಲ್ಕನೇ ಹಾಳೆಯ ಮೇಲೂ ಸಹಿ ಮೂಡಿತ್ತು. ನಿಬ್ಬಿನ ಇಂಕ್ ಪೆನ್ನು ಕೊಟ್ಟರೆ ನಿಬ್ಬು ಎರಡು ಹೋಳು. ಉಳಿದದ್ದು ರೋಲರ್‌ಬಾಲ್. ತುದಿಯಲ್ಲಿ ಗುಂಡು ಇರುತ್ತೆ, ಇಂಕು ಮಾತ್ರ ನೀರಿನ ಹಾಗೆ ತೆಳ್ಳಗೆ. ಕಾಗದಕ್ಕೆ ತಾಗಿಸಿದರೆ ಸಾಕು, ತಾನೇ ಹರಿಯುತ್ತೆ. ರೋಲರ್‌ಬಾಲ್ ಕಿಟ್ಟೇ ಸರಿ ಅಂತ ತೀರ್ಮಾನ ಮಾಡಿದೆ.

ಲೇತಿನ ಸದ್ದಿಗೆ ಎಮ್ಮೆ ಬೆದರಿ ಹಾಲು ಕಮ್ಮಿಯಾದರೆ ಅದೂ ನಿನ್ನ ತಲೆ ಮೇಲೇ ಅಂತ ಓನರಮ್ಮ ಮೊದಲೇ ಎಚ್ಚರಿಸಿದ್ದರು. ಆದದ್ದು ಉಲ್ಟಾ. ಲೇತು ಗುಂಯ್ ಅನ್ನುತ್ತಿದ್ದಂತೆ ಎಮ್ಮೆ ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಾ ನಿಂತುಬಿಡೋದು. ಹಾಲು ಅರ್ಧ ಲೀಟರ್ ಜಾಸ್ತಿಯಾಯಿತು. ಆಮೇಲೆ ನಾನು ಡ್ಯೂಟಿಯಿಂದ ಬರೋದು ಹತ್ತು ನಿಮಿಷ ತಡವಾದರೂ ಫೋನು ಬರುತ್ತಿತ್ತು, ಎಲ್ಲಿದ್ದೀಯಪ್ಪ, ಬೇಗ ಬಂದು ಮಿಷಿನ್ ಆನ್ ಮಾಡು, ಎಮ್ಮೆ ಕಾಯ್ತಾ ಅದೆ ಅಂತ.

೨. ಪುಳಿಯೋಗರೆ ಡಬ್ಬಿ

ಮೊದಲ ಕಿಟ್ಟುಗಳ ಪಾರ್ಸೆಲ್ಲನ್ನು ಫ್ಯಾಕ್ಟರಿ ವಿಳಾಸಕ್ಕೆ ತರಿಸಿದ್ದೆ. ಮನೆ ವಿಳಾಸಕ್ಕೆ ಯಾಕೆ ತರಿಸಲಿಲ್ಲ ಅನ್ನೋದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಊಟದ ಹೊತ್ತಿಗೆ ಬಂತು. ಆಸೆ ತಡೆಯಲಾರದೆ ಅಲ್ಲೇ ಬಿಚ್ಚಿ ನೋಡಿದೆ. ಮೂರು ಕಿಟ್ಟು, ಒಟ್ಟು ಆರು ಹಿತ್ತಾಳೆ ಕೊಳವೆ. ರಟ್ಟಿನ ಪೆಟ್ಟಿಗೆ ಎಸೆದು, ಎಲ್ಲವನ್ನೂ ಜೋಪಾನವಾಗಿ ಊಟದ ಡಬ್ಬಿಯಲ್ಲಿಟ್ಟುಕೊಂಡೆ.

ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿ. ಹಿತ್ತಾಳೆಗೆ ಬೆಲೆ ಜಾಸ್ತಿ, ಹಾಗಾಗಿ ಅದಕ್ಕೆ ಕಾಲು ಬರುವುದೂ ಜಾಸ್ತಿ. ಸಂಜೆ ಗೇಟು ದಾಟುವಾಗ ಎಲ್ಲರೂ ಊಟದ ಡಬ್ಬಿಯ ಮುಚ್ಚಳ ತೆಗೆದು ಸೆಕ್ಯುರಿಟಿಯವನಿಗೆ ತೋರಿಸಲೇಬೇಕು. ಈ ನಿಯಮದ ನೋಟೀಸು ಬರೆದು ಗೇಟಿಗೆ ಅಂಟಿಸಿದವನು ನಾನೇ. ಆದರೆ ಅದು ಬೇರೆಯವರಿಗೆ ಅಂತ ಒಳಗೊಳಗೇ ಅಂದುಕೊಂಡಿದ್ದೆನೋ ಏನೋ, ಆರಾಮಾಗಿ ಹೋಗಿ ಡಬ್ಬಿ ತೆರೆದೆ. ಮಿಕ್ಕಿದ ಪುಳಿಯೋಗರೆಯ ಮೇಲೆ ಆರು ಹಿತ್ತಾಳೆ ಕೊಳವೆ ಫಳಫಳ ಹೊಳೀತಿದ್ದವು.

ಸೆಕ್ಯುರಿಟಿಯವನ ಮುಖ ನೋಡಬೇಕಿತ್ತು. ಎಂಟು ವರ್ಷದಿಂದ ಡಬ್ಬಿ ನೋಡುತ್ತಿದ್ದವನಿಗೆ ಉಪ್ಪಿನಕಾಯಿ ಬಿಟ್ಟು ಏನೂ ಸಿಕ್ಕಿರಲಿಲ್ಲ. ಸಂತೋಷಕ್ಕೆ ಸೀಟಿ ಊದಿಬಿಟ್ಟ. ಮೂರು ನಿಮಿಷದಲ್ಲಿ ನಾನು, ನನ್ನ ಡಬ್ಬಿ, ಮ್ಯಾನೇಜರ್ ಮೇಜಿನ ಮುಂದೆ.

ಇದೇನ್ರೀ ಅಂದರು. ಪೆನ್ನು ಸಾರ್ ಅಂದೆ. ಬರೆದು ತೋರಿಸಿ ಅಂದರು. ಬರೀ ರೀಫಿಲ್ಲನ್ನು ಬೆರಳಲ್ಲಿ ಹಿಡಿದು ನನ್ನ ಹೆಸರು ಬರೆದೆ. ಅವರಿಗೆ ನಂಬಿಕೆ ಬರಲಿಲ್ಲ. ಕಿಟ್ಟು, ಲೇತು, ಓನರಮ್ಮ, ಎಮ್ಮೆ ಎಲ್ಲ ಹೇಳಿದೆ. ಹೇಳ್ತಾ ಹೇಳ್ತಾ ನನಗೇ ನನ್ನ ಮೇಲೆ ಅನುಮಾನ ಬರೋಕೆ ಶುರುವಾಯಿತು. ಕೊನೆಗೆ ಅಳತೆಯ ವರ್ನಿಯರ್ ತರಿಸಿ, ಆರೂ ಕೊಳವೆ ಅವರ ಕಣ್ಣೆದುರೇ ಅಳೆದೆ. ಆರಕ್ಕೆ ಆರೂ ಒಂದೇ ಅಳತೆ, ಕೂದಲೆಳೆ ವ್ಯತ್ಯಾಸ ಇಲ್ಲ.

"ಸಾರ್, ನಮ್ಮ ಫ್ಯಾಕ್ಟರಿಯಲ್ಲಿ ಒಂದೇ ಸಮ ಇರೋ ಆರು ಕೊಳವೆ ಯಾವತ್ತಾದ್ರೂ ಮಾಡಿದ್ದೀವಾ?" ಅಂತ ಕೇಳಿದೆ.

ಮ್ಯಾನೇಜರ್ ಚಾವಣಿ ನೋಡುತ್ತಾ ಯೋಚಿಸಿ, ಗೇಟ್ ಪಾಸ್ ಬರೆದುಕೊಟ್ಟರು.

೩. ಕೆಂಪು ಚೀಟಿ

ಕಿಟ್ಟು ಮಾರುತ್ತಿದ್ದವರು ವೈಟ್‌ಫೀಲ್ಡ್‌ನ ಒಬ್ಬ ಸಾಫ್ಟ್‌ವೇರ್ ಸಾರ್. ಅವರಿಗೂ ಇದೇ ಹುಚ್ಚು. ಹೊರದೇಶದಿಂದ ತರಿಸಿ, ನನ್ನಂಥ ನಾಲ್ಕು ಹುಚ್ಚರಿಗೆ ಕೊರಿಯರ್ ಮಾಡುತ್ತಿದ್ದರು. ನನಗೆ ಬಂದದ್ದು ಒಂದು ಚಿನ್ನದ ಬಣ್ಣದ್ದು, ಒಂದು ಬೆಳ್ಳಿಯ ಹಾಗೆ ಹೊಳೆಯುವ ಕ್ರೋಮು, ಒಂದು ಕಪ್ಪು.

ಸುಮ್ಮನೆ ಇಟ್ಟುಕೊಳ್ಳೋದು ನನ್ನ ಹಣೆಯಲ್ಲಿ ಬರೆದಿಲ್ಲ. ಭೂತಗನ್ನಡಿ ಇಟ್ಟು ಕೂತೆ. ಕಪ್ಪು ಕಿಟ್ಟಿನ ಮುಚ್ಚಳದ ತುದಿ ಒಂಚೂರು ವಾಲಿತ್ತು. ಚಿನ್ನದ್ದರ ಬಳೆಯ ಹತ್ತಿರ ಹಾಳೆ ತೂರಿಸುವಷ್ಟು ಸಂದು. ರೀಫಿಲ್ಲು ಮೊದಲನೇ ಗೆರೆಯಲ್ಲಿ ಎರಡು ಕಡೆ ಇಂಕು ಬಿಡದೆ ಹಾರಿಹೋಗ್ತಿತ್ತು. ನಾವು ಫ್ಯಾಕ್ಟರಿಯಲ್ಲಿ ಮಾಲು ಸರಿಯಿಲ್ಲದಿದ್ದರೆ ಕಳಿಸುವ ಫಾರ್ಮು ಒಂದಿದೆ. ಅದನ್ನೇ ತುಂಬಿ, ಕೆಂಪು ಚೀಟಿ ಅಂಟಿಸಿ, ವೈಟ್‌ಫೀಲ್ಡ್‌ಗೆ ಕಳಿಸಿದೆ. ದೋಷದ ಮೂಲ ಕಾರಣವೇನು, ಮುಂದೆ ಹೀಗಾಗದಂತೆ ಏನು ಕ್ರಮ ಕೈಗೊಳ್ಳುತ್ತೀರಿ, ಜವಾಬ್ದಾರರು ಯಾರು, ಏಳು ದಿನದೊಳಗೆ ಉತ್ತರಿಸಿ.

ಆ ಮನುಷ್ಯ ಉತ್ತರ ಬರೆಯಲಿಲ್ಲ. ಭಾನುವಾರ ಖುದ್ದು ಬಂದರು. ವೈಟ್‌ಫೀಲ್ಡ್‌ನಿಂದ ನಾಗಸಂದ್ರಕ್ಕೆ ಬರೋದು ಅಂದರೆ ಬೆಂಗಳೂರನ್ನು ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಸೀಳಿಕೊಂಡು ಬಂದ ಹಾಗೆ. ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಬೆಂದು ಬಂದಿದ್ದಾರೆ, ಜಗಳಕ್ಕೇ ಬಂದಿದ್ದಾರೆ ಅಂತ ನಾನೂ ಸೊಂಟ ಕಟ್ಟಿ ನಿಂತೆ. ಅವರು ಕೊಟ್ಟಿಗೆಗೆ ಬಂದು, ಎಮ್ಮೆಗೆ ಒಂದು ನಮಸ್ಕಾರದಂಥದ್ದು ಮಾಡಿ, ನನ್ನ ಫಾರ್ಮು ಹೊರತೆಗೆದು, "ಇದನ್ನ ಬರೆದಿದ್ದು ನೀವೇನಾ? ನಮ್ಮ ಆಫೀಸಲ್ಲಿ ಟೆಸ್ಟಿಂಗ್‌ಗೆ ಜನ ಬೇಕಾಗಿದ್ದಾರೆ, ಬರ್ತೀರಾ ಗುರು?" ಅಂದರು.

ಹಾಗೆ ಸ್ನೇಹವಾಯಿತು. ಆದರೆ ಯಾವ ಕಿಟ್ಟು ಒಳ್ಳೆಯದು ಅನ್ನೋದರಲ್ಲಿ ಮಾತ್ರ ಇಬ್ಬರಿಗೂ ಆಗಿಬರಲಿಲ್ಲ. ಅವರು ಕಣ್ಣು ಮುಚ್ಚಿ, ಒಂದೊಂದನ್ನೇ ಬೆರಳ ನಡುವೆ ಹಿಡಿದು, ಫೀಲ್ ನೋಡಬೇಕು ಫೀಲ್ ಅನ್ನೋರು. ಫೀಲ್ ಅಳೆಯೋದಕ್ಕೆ ನನ್ನ ಹತ್ತಿರ ಸಾಧನ ಇಲ್ಲ ಅಂತ ನಾನು. ಬೆಳಿಗ್ಗೆ ಹನ್ನೊಂದಕ್ಕೆ ಕೂತವರು ಮಧ್ಯಾಹ್ನ ಒಂದಾದರೂ ಎದ್ದಿರಲಿಲ್ಲ. ಅಷ್ಟರಲ್ಲಿ ಓನರಮ್ಮ ಮಜ್ಜಿಗೆ ತಂದರು. ಮೂರು ಕಿಟ್ಟನ್ನೂ ಸುಮ್ಮನೆ ಒಂದೊಂದು ಸಲ ಕೈಗೆತ್ತಿಕೊಂಡು, ಕರೀದು ಬ್ಯಾಡ, ಇದರ ತಲೆ ಭಾರ, ಬರೆಯೋವಾಗ ಹಿಂದಕ್ಕೆ ವಾಲ್ತದೆ. ಇವೆರಡರಲ್ಲಿ ಒಂದು ಆಗಬೌದು, ನಂಗೆ ಚಿನ್ನದ್ದೇ ಇರಲಿ ಅಂದರು.

ನಾವು ಎರಡು ಗಂಟೆ ಅಳೆದು, ಕಣ್ಣು ಮುಚ್ಚಿ, ಕಾಗದ ತುಂಬ ಬರೆದು ಕೊನೆಗೆ ಮುಟ್ಟಿದ್ದ ತೀರ್ಮಾನವೂ ಅದೇ. ಕಪ್ಪು ಬೇಡ. ವೈಟ್‌ಫೀಲ್ಡ್ ಸಾರ್ ಬೆರಗಾಗಿ, ಅಮ್ಮ, ಇಷ್ಟು ಬೇಗ ಹೇಗೆ ಗೊತ್ತಾಯ್ತು ಅಂತ ಕೇಳಿದರು.

"ಬದ್ನೇಕಾಯಿ ಆರಿಸೋಕೆ ಇಸ್ಕೂಲಿಗೆ ಓಗ್‌ಬೇಕೇನಪ್ಪ?" ಅಂದು ಓನರಮ್ಮ ಖಾಲಿ ಲೋಟ ಎತ್ತಿಕೊಂಡು ಹೋದರು.

೪. ಬೆವರಿನ ಪರೀಕ್ಷೆ

ಚಿನ್ನವೋ ಕ್ರೋಮೋ ಅಂತ ಉಳಿಯಿತು. ಓನರಮ್ಮನ ಕೈ ದಿನವಿಡೀ ನೀರು, ಸಗಣಿ, ಹಾಲಿನಲ್ಲೇ ಇರೋದು. ಮೇಲಿನ ಲೇಪ ಎದ್ದುಹೋದರೆ ವಾರಗಿತ್ತಿಯ ಬಾಯಿಗೆ ಇನ್ನೊಂದು ತುತ್ತು. ದೊಡ್ಡ ಕಂಪನಿಗಳಲ್ಲಿ ಲೇಪ ಪರೀಕ್ಷೆ ಮಾಡಲು ಉಪ್ಪುನೀರು ಚಿಮುಕಿಸುವ ಪೆಟ್ಟಿಗೆ ಇರುತ್ತೆ. ನಮ್ಮಲ್ಲಿ ಅದಿಲ್ಲ. ಅದಕ್ಕಿಂತ ಜೋರಾದದ್ದಿತ್ತು.

ಬಾಗಲಕೋಟೆ ಕಡೆಯ ಒಬ್ಬ ಹುಡುಗಾಟದ ಮನುಷ್ಯ, ಮಾದನಾಯಕನಹಳ್ಳಿಯಲ್ಲಿ ರೂಮು ಮಾಡಿಕೊಂಡು ನಮ್ಮಲ್ಲಿ ಕೆಲಸಕ್ಕಿದ್ದ. ಯಂತ್ರದ ಕೆಲಸದಲ್ಲಿರೋರಿಗೆ ಇದು ಗೊತ್ತು: ಕೆಲವರ ಕೈಬೆವರು ಕಬ್ಬಿಣಕ್ಕೆ ಆಗಿಬರಲ್ಲ. ಇವನದು ಆ ಪೈಕಿ ರಾಜ. ಸಂಜೆ ಮುಟ್ಟಿದ ಕಬ್ಬಿಣದ ಮೇಲೆ ಬೆಳಿಗ್ಗೆ ಐದೂ ಬೆರಳಿನ ಗುರುತು ಕೆಂಪಗೆ ತುಕ್ಕಾಗಿ ಮೂಡಿರುತ್ತಿತ್ತು. ಯಾರು ಮುಟ್ಟಿದ್ದು ಅಂತ ವಿಚಾರಣೆ ಮಾಡುವ ಪ್ರಮೇಯವೇ ಇರಲಿಲ್ಲ. ಕೊನೆಗೆ ಅವನನ್ನು ರಟ್ಟಿನ ಡಬ್ಬ ಕಟ್ಟುವ ಕೆಲಸಕ್ಕೆ ಹಾಕಿ, ತಯಾರಾದ ಮಾಲನ್ನು ಮುಟ್ಟಕೂಡದು ಅಂತ ಕಟ್ಟಪ್ಪಣೆ ಮಾಡಿದ್ದೆವು. ಪಾಪ, ಅದು ಅವನಿಗೆ ಬೇಜಾರೇ.

ಅವನ ಎಡಗೈಗೆ ಚಿನ್ನದ ಮುಚ್ಚಳ, ಬಲಗೈಗೆ ಕ್ರೋಮು ಕೊಟ್ಟು, ಸಾಧ್ಯವಾದಷ್ಟು ಹೊತ್ತು ಮುಷ್ಟಿಯಲ್ಲೇ ಇಟ್ಟುಕೋ ಅಂದೆ. ತನ್ನ ಬೆವರನ್ನೂ ಒಬ್ಬರು ಕೇಳಿ ಪಡೆದರಲ್ಲ ಅಂತ ಅವನಿಗಾದ ಆನಂದ ಅಷ್ಟಿಷ್ಟಲ್ಲ. ಬಸ್ಸಿನಲ್ಲೂ ಮುಷ್ಟಿ ಬಿಡಲಿಲ್ಲ, ಟೀ ಕುಡಿಯುವಾಗಲೂ ಬಿಡಲಿಲ್ಲ, ಪಕ್ಕದವನು ಗ್ಲಾಸು ಹಿಡಿದು ಕುಡಿಸಿದ. ಮೂರನೇ ದಿನಕ್ಕೆ ಚಿನ್ನ ಮಾಯ. ಒಲೆ ಮೇಲಿಟ್ಟ ತಂಬಿಗೆಯ ತಳದ ಬಣ್ಣ ಬಂದಿತ್ತು. ಕ್ರೋಮು ಜಪ್ಪಯ್ಯ ಅನ್ನಲಿಲ್ಲ. ಅವನಿಗೆ ಅದು ಮರ್ಯಾದೆ ಪ್ರಶ್ನೆಯಾಗಿಬಿಟ್ಟಿತು. ಊಟಕ್ಕೆ ಹಸಿಮೆಣಸಿನಕಾಯಿ ಜಾಸ್ತಿ ತಿಂದ, ಬಿಸಿಲಲ್ಲಿ ನಿಂತ, ಹತ್ತು ದಿನ ಹೋರಾಡಿದ. ಹನ್ನೊಂದನೇ ದಿನ ಬಂದು, ಸರ ನಾ ಸೋತೇನ್ರಿ, ಇದು ಭಾಳ ಗಟ್ಟಿ ಐತ್ರಿ ಅಂತ ಕ್ರೋಮು ಮುಚ್ಚಳ ಮೇಜಿನ ಮೇಲಿಟ್ಟ.

ಹೊಗಳಿ ಬೆನ್ನು ತಟ್ಟಿದೆ. ಅವನು ಹೋಗಲಿಲ್ಲ. ಕಪ್ಪಾದ ಚಿನ್ನದ ಮುಚ್ಚಳವನ್ನೇ ನೋಡುತ್ತಾ ನಿಂತ. ಅಂದ್ರ ಖರೇ ಬಂಗಾರ ಆಗಿದ್ರ ಹಿಂಗ ಆಗ್ತಿದ್ದಿಲ್ಲೇನ್ರಿ ಅಂತ ಕೇಳಿದ. ಇಲ್ಲಪ್ಪ, ನಿಜವಾದ ಚಿನ್ನಕ್ಕೆ ಏನೂ ಆಗಲ್ಲ ಅಂದೆ.

"ನಮ್ಮ ಮಾವ ಮದುವ್ಯಾಗ ಹಾಕಿದ ಉಂಗುರ ಮೂರ ದಿನಕ್ಕ ಕರ್ರಗಾಗಿತ್ರಿ ಸರ. ಹತ್ತು ವರ್ಷದಿಂದ ನನ್ನ ಬೆವರಿಂದು ತಪ್ಪು ಅಂತ ತಿಳಕೊಂಡು ಸುಮ್ನ ಕೂತೀನ್ರಿ," ಅಂದವನೇ ಅವತ್ತೇ ರಜೆ ಬರೆದು ಊರಿನ ಬಸ್ಸು ಹತ್ತಿದ.

೫. ಲಟ್ಟಣಿಗೆ

ಕ್ರೋಮು ಕಿಟ್ಟು ಗಟ್ಟಿಯಾಯಿತು. ಓನರಮ್ಮನನ್ನೂ ಒಪ್ಪಿಸಿದ್ದಾಯಿತು. ಇನ್ನು ಮರ. ಹೊಸ ಮರ ತಂದು ಕೊರೆದರೆ ಸೀಳುತ್ತಿತ್ತು. ಚೆನ್ನಾಗಿ ಒಣಗಿದ, ಹಳೆಯ, ಕೈಗೆ ಹಿತವಾದ ಮರ ಬೇಕು. ಇಡೀ ಪೀಣ್ಯ ಹುಡುಕಿದ ಮೇಲೆ ಅಂಥ ಮರ ನಮ್ಮ ಅಡುಗೆಮನೆಯಲ್ಲೇ ಕಂಡಿತು. ಹದಿನೆಂಟು ವರ್ಷ ಚಪಾತಿ ಲಟ್ಟಿಸಿ ನುಣುಪಾದ ಲಟ್ಟಣಿಗೆ. ಹೆಂಡತಿ ತವರಿಗೆ ಹೋಗಿದ್ದಳು. ಆಗ ನನಗೆ ಬುದ್ಧಿ ನೆಟ್ಟಗಿರಲಿಲ್ಲ ಅಂತ ಈಗ ಒಪ್ಪಿಕೊಳ್ತೀನಿ.

ಕತ್ತರಿಸಿ, ಕೊರೆದು, ಕೊಳವೆ ಅಂಟಿಸಿ ಲೇತಿಗೆ ಹಾಕಿದೆ. ಹದಿನೆಂಟು ವರ್ಷದ ಎಣ್ಣೆ ತುಪ್ಪ ಕುಡಿದ ಮರ, ಅಂಟು ಹಿಡಿಯುತ್ತಾ? ಉಳಿ ತಾಗಿದ್ದೇ ತಡ, ಮರದ ತುಂಡು ಕೊಳವೆ ಬಿಟ್ಟು ಹಾರಿ ಎಮ್ಮೆಯ ಬಾನಿಗೆ ಬಿತ್ತು. ಚಪಾತಿಯ ವಾಸನೆ ಇತ್ತೋ ಏನೋ, ನಾನು ಹೋಗುವಷ್ಟರಲ್ಲಿ ಎಮ್ಮೆ ಅದನ್ನು ಅಗಿದು ನೋಡಿ ಉಗುಳಿತ್ತು. ವೈಟ್‌ಫೀಲ್ಡ್ ಸಾರ್‌ಗೆ ಫೋನು ಮಾಡಿದರೆ, ಜಿಡ್ಡಿನ ಮರವನ್ನು ಉಗುರುಬಣ್ಣ ಅಳಿಸುವ ದ್ರವದಲ್ಲಿ ಒರೆಸಿ ಆಮೇಲೆ ಅಂಟಿಸಿ ಅಂದರು. ಅದೂ ಹೆಂಡತಿಯ ಕಪಾಟಿನಲ್ಲೇ ಸಿಕ್ಕಿತು. ಉಳಿದ ತುಂಡಿನಲ್ಲಿ ಪೆನ್ನು ಚೆನ್ನಾಗಿ ಬಂತು. ಜೇನಿನ ಬಣ್ಣ, ಹಿಡಿದರೆ ಬಿಡೋಕೆ ಮನಸ್ಸಾಗದಷ್ಟು ನುಣುಪು. ನನ್ನ ಕೈಯಿಂದ ಇಂಥದ್ದೊಂದು ಬಂತಾ ಅಂತ ಮುಚ್ಚಳ ಹಾಕಿ ತೆಗೆದು ನೋಡಿದ್ದೇ ನೋಡಿದ್ದು.

ಹೆಂಡತಿ ಬರುವ ದಿನ ಹತ್ತಿರವಾದಾಗ ಎಚ್ಚರವಾಯಿತು. ಫ್ಯಾಕ್ಟರಿಯಲ್ಲಿ ಕೇಳಿ, ಈ ಸಲ ಗೇಟ್ ಪಾಸ್ ಮಾಡಿಸಿಕೊಂಡೇ, ಒಂದು ಸ್ಟೀಲ್ ಕೊಳವೆ ತಂದು ಕನ್ನಡಿ ಹಾಗೆ ಪಾಲಿಶ್ ಮಾಡಿ ಲಟ್ಟಣಿಗೆ ಜಾಗದಲ್ಲಿಟ್ಟೆ. ಅವಳು ಬಂದಳು, ನೋಡಿದಳು, ಚಪಾತಿ ಮಾಡಿದಳು. ಇಷ್ಟು ಸಮವಾದ ಚಪಾತಿ ನನ್ನ ಜನ್ಮದಲ್ಲಿ ತಿಂದಿರಲಿಲ್ಲ. ಹೇಗಿದೆ ಅಂತ ಅಂಜುತ್ತಾ ಕೇಳಿದೆ. ಅವಳು ಅದನ್ನು ಒಂದು ಸಲ ಎತ್ತಿ ಅಂಗೈ ಮೇಲೆ ಬಡಿದುಕೊಂಡು, ಪರವಾಗಿಲ್ಲ, ಚಪಾತಿಗೆ ಬಿಟ್ಟು ಬೇರೆ ಕೆಲಸಕ್ಕೂ ಇದು ಮರದ್ದಕ್ಕಿಂತ ಗಟ್ಟಿಯಾಗಿದೆ ಅಂದಳು.

೬. ಸಹಿ

ಪೆನ್ನು ಕೈಗೆ ಬಂದ ದಿನ ಓನರಮ್ಮ ಮೂರು ಸುತ್ತು ತಿರುಗಿಸಿ ಮುಚ್ಚಳ ಬಿಚ್ಚಿ, ಕಾಗದಕ್ಕೆ ತಾಗಿಸಿದರು. ಅವರು ಒತ್ತುವ ಮೊದಲೇ ಇಂಕು ಓಡಿತು. ಬೆಚ್ಚಿ ಕೈ ತೆಗೆದರು. ಮತ್ತೆ ಇಟ್ಟರು. ಈ ಸಲ ಐದಕ್ಷರವೂ ಒಂದಕ್ಕೊಂದು ಕೈ ಹಿಡಿದುಕೊಂಡ ಹಾಗೆ ಸಾಲಾಗಿ ಬಂದವು. ಆಮೇಲೆ ಅವರನ್ನು ಹಿಡಿಯೋರೇ ಇಲ್ಲ. ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲೆ ಸಹಿ, ಗ್ಯಾಸಿನ ಪುಸ್ತಕದ ಮೇಲೆ ಸಹಿ, ಕರೆಂಟ್ ಬಿಲ್ಲಿನ ಮೇಲೆ ಸಹಿ. ನನ್ನ ಬಾಡಿಗೆ ರಸೀದಿಗೆ ಮೂರು ಸಹಿ ಹಾಕಿದರು, ಒಂದು ಸಾಲದು ಅಂತ. ಕೊನೆಯ ಅಕ್ಷರಕ್ಕೆ ಒಂದು ಬಾಲ ಬೇರೆ ಬಂತು, ಅದು ನನ್ನ ಹೆಂಡತಿ ಕಲಿಸಿದ್ದಲ್ಲ. ಎರಡು ವಾರಕ್ಕೆ ರೀಫಿಲ್ಲು ಖಾಲಿ.

ಸಂಘದ ಸಭೆಯ ದಿನ ನಾನು ಹೊರಗೆ ಕಿಟಕಿಯ ಹತ್ತಿರ ನಿಂತಿದ್ದೆ. ನಲವತ್ತು ಹೆಂಗಸರು, ಮುಂದೆ ಮೇಜು, ಪಕ್ಕದಲ್ಲಿ ವಾರಗಿತ್ತಿ. ಓನರಮ್ಮ ಚೆಕ್ಕನ್ನು ಎಳೆದುಕೊಂಡು, ಪೆನ್ನು ಬಿಚ್ಚಿ, ಮೂರು ಉಸಿರಿನಲ್ಲಿ ಸಹಿ ಮುಗಿಸಿ, ಬಾಲ ಎಳೆದು, ಮುಚ್ಚಳ ಹಾಕಿದರು. ಹೆಂಗಸರು ಚಪ್ಪಾಳೆ ಹೊಡೆದರು. ವಾರಗಿತ್ತಿ ಆ ಸಹಿಯನ್ನೇ ನೋಡುತ್ತಾ ಕೂತಳು. ಓನರಮ್ಮ ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿ ನಕ್ಕರು. ಆ ನಗು ನೋಡಿದ ಮೇಲೆ ಕೊಟ್ಟಿಗೆ ಉಳಿಯಿತು ಅನ್ನೋದು ನೆನಪಾಗೋಕೂ ಸ್ವಲ್ಪ ಹೊತ್ತು ಹಿಡಿಯಿತು.

ಮೂರನೇ ದಿನ ಬ್ಯಾಂಕಿನಿಂದ ಫೋನು. ಚೆಕ್ಕು ಪಾಸಾಗಿಲ್ಲ, ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಬರಬೇಕು. ಓನರಮ್ಮ ನನ್ನನ್ನೂ ಎಳೆದುಕೊಂಡು ಹೋದರು.

ಬ್ಯಾಂಕಿನ ಆಫೀಸರ್ ಮರ್ಯಾದಸ್ಥ. ಕುರ್ಚಿ ಕೊಟ್ಟು ಕೂರಿಸಿ, ಸಹಿ ತಾಳೆ ಆಗ್ತಿಲ್ಲ ಅಂದರು. ಖಾತೆ ತೆರೆದಾಗ ಕೊಟ್ಟ ಮಾದರಿ ಸಹಿಯನ್ನೂ ಚೆಕ್ಕನ್ನೂ ಪಕ್ಕಪಕ್ಕ ಇಟ್ಟರು. ಒಂದು ಕಡೆ ಮುರಿದು ಬಿದ್ದ ಬೇಲಿಯಂಥ ಐದಕ್ಷರ. ಇನ್ನೊಂದು ಕಡೆ ನನ್ನ ರೋಲರ್‌ಬಾಲಿನ ಮುತ್ತಿನ ಸಾಲು, ಬಾಲ ಸಮೇತ. ಇದು ಯಾರೋ ಓದಿದವರು ಹಾಕಿರೋ ಸಹಿ ಅಮ್ಮ ಅಂದರು ಆಫೀಸರ್. ಓನರಮ್ಮನ ಮುಖ ಒಂದು ಕ್ಷಣ ಅರಳಿ, ಮರುಕ್ಷಣ ಇಳಿದುಹೋಯಿತು.

ನಂದೇ ಕಣಪ್ಪ, ಬೇಕಾದ್ರೆ ಈಗ್ಲೇ ಆಕ್ತೀನಿ ಅಂತ ಪೆನ್ನು ತೆಗೆದರು. ಹಾಕಿದರು. ಮೊದಲಿಗಿಂತ ಚೆನ್ನಾಗಿ ಬಂತು. ಅಮ್ಮ, ಹಳೇದರ ಥರಾನೇ ಬರಬೇಕು ಅಂದರು ಆಫೀಸರ್. ಇನ್ನೊಂದು ಹಾಕಿದರು. ಅದು ಇನ್ನೂ ಚೆನ್ನಾಗಿ ಬಂತು. ಕೆಟ್ಟದಾಗಿ ಹಾಕ್ರಮ್ಮ ಅಂತ ನಾನು ಕಿವಿಯಲ್ಲಿ ಹೇಳಿದೆ. ಕೈ ಬಿಗಿ ಹಿಡಿದು, ಹಲ್ಲು ಕಚ್ಚಿ, ಕೆಟ್ಟದಾಗಿ ಹಾಕಲು ಪ್ರಯತ್ನಪಟ್ಟರು. ಈ ಹಾಳು ಪೆನ್ನು ಬಿಡಬೇಕಲ್ಲ. ನನ್ನ ಬದುಕಿನಲ್ಲೇ ಮೊದಲ ಸಲ, ಒಂದು ಮಾಲು ಇಷ್ಟು ಚೆನ್ನಾಗಿ ಯಾಕಾದರೂ ಬಂತೋ ಅಂತ ಹಲುಬಿದೆ.

ಆಫೀಸರ್ ದಾರಿ ಹೇಳಿದರು. ಹೊಸ ಮಾದರಿ ಸಹಿ ಕೊಡಬಹುದು, ಅದಕ್ಕೆ ಸಂಘದ ಸಭೆ ಕರೆದು ಎಲ್ಲರಿಗೂ ತಿಳಿಸಿ, ಠರಾವು ಬರೆಸಿ ತರಬೇಕು. ಅದು ಬೇಡ ಅಂದರೆ ಸುಲಭದ ದಾರಿ ಇದೆ ಅಂತ, ಡ್ರಾಯರಿನಿಂದ ಇಂಕಿನ ಪ್ಯಾಡು ತೆಗೆದು ಮೇಜಿನ ಮೇಲಿಟ್ಟರು. ಹೆಬ್ಬೆಟ್ಟು ಒತ್ತಿ, ಇಬ್ಬರು ಸಾಕ್ಷಿ ಹಾಕಿದರೆ ಇವತ್ತೇ ಮುಗಿಸಿಕೊಡ್ತೀನಿ.

ಓನರಮ್ಮ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ಮಾತಿಗೆ ಮುಂಚೆ ಎಲ್ಲರನ್ನೂ ಗದರುವ ಹೆಂಗಸು ತಲೆ ತಗ್ಗಿಸಿ ಕೂತುಬಿಟ್ಟರು. ಎಲ್ಲಕ್ಕೂ ಕಾರಣ ನಾನೇ. ವಾರಗಿತ್ತಿ ಎದ್ದು ನಿಂತಳು. ಇನ್ನು ಸಂಜೆಗೆ ಬೀದಿಯೆಲ್ಲ ಸುದ್ದಿ ಅಂದುಕೊಂಡೆ.

"ಅದನ್ನ ಒಳಗಿಡಿ ಸಾರ್," ಅಂದಳು ವಾರಗಿತ್ತಿ, ಪ್ಯಾಡು ತೋರಿಸಿ. "ನಮ್ಮಕ್ಕನ್ನ ನಾನ್ ಏನ್ ಬೇಕಾದ್ರೂ ಅಂತೀನಿ, ಅದು ನಮ್ಮನೆ ಇಚಾರ. ಬ್ಯಾಂಕಲ್ಲಿ ನಾಕ್ ಜನದ ಮುಂದೆ ನಮ್ಮಕ್ಕ ಎಬ್ಬೆಟ್ಟು ಒತ್ತಾಕಿಲ್ಲ. ಅವತ್ತು ಅವ್ರು ಸಹಿ ಆಕಿದ್ದು ಈ ಪೆನ್ನಲ್ಲಲ್ಲ. ಅಗೋ, ಅದ್ರಲ್ಲಿ."

ಅವಳು ಬೆರಳು ತೋರಿಸಿದ ಕಡೆ ಎಲ್ಲರೂ ತಿರುಗಿದೆವು. ಕೌಂಟರಿನ ಮೇಲೆ, ಯಾರೂ ಹೊತ್ತುಕೊಂಡು ಹೋಗದ ಹಾಗೆ ದಾರ ಕಟ್ಟಿದ್ದ ಒಂದು ಬಾಲ್ ಪೆನ್ನು. ಮುಚ್ಚಳ ಇಲ್ಲ, ಹಿಂಭಾಗ ಯಾರೋ ಕಚ್ಚಿದ್ದರು, ನಡುವೆ ಟೇಪು ಸುತ್ತಿತ್ತು. ದಾರ ಆಫೀಸರ್ ಮೇಜಿನವರೆಗೆ ಎಟುಕುವಂತಿರಲಿಲ್ಲ. ಓನರಮ್ಮನೇ ಎದ್ದು ಹೋದರು. ಹೊಸ ಚೆಕ್ಕು ಕೌಂಟರಿನ ಮೇಲಿಟ್ಟು, ಸೊಂಟ ಬಗ್ಗಿಸಿ, ನಾಲಿಗೆ ಕಚ್ಚಿಕೊಂಡು ಒತ್ತತೊಡಗಿದರು. ಹಣ ಕಟ್ಟಲು ನಿಂತ ಸಾಲಿನವರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ಕಾಗದ ಹರಿಯೋದು ಕೂದಲೆಳೆಯಲ್ಲಿ ತಪ್ಪಿತು.

ಆಫೀಸರ್ ಎರಡನ್ನೂ ಪಕ್ಕಪಕ್ಕ ಇಟ್ಟರು. ಅಭ್ಯಾಸಬಲ, ನಾನೂ ಬಗ್ಗಿ ನೋಡಿದೆ. ಅದೇ ಬೇಲಿ, ಅದೇ ಮುರುಕು, ಮೂರನೇ ಅಕ್ಷರ ಅದೇ ಕಡೆಗೆ ಬಿದ್ದಿದೆ. ಅಷ್ಟು ವರ್ಷದ ನೌಕರಿಯಲ್ಲಿ ಎರಡು ಮಾಲು ಹೀಗೆ ಒಂದಕ್ಕೊಂದು ತಾಳೆಯಾದದ್ದನ್ನು ನಾನು ಕಂಡಿರಲಿಲ್ಲ. ಈಗ ಸರಿಯಾಯ್ತು ನೋಡಿ ಅಮ್ಮ, ಇದು ನಿಮ್ಮದೇ ಸಹಿ ಅಂದರು ಆಫೀಸರ್.

ಓನರಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು, ವಾರಗಿತ್ತಿಯ ಭುಜದ ಮೇಲೆ ಕೈ ಹಾಕಿ, ನಾಲ್ಕು ಹೆಜ್ಜೆ ಹೊರಟವರು ತಿರುಗಿ ಬಂದರು. ಕೌಂಟರಿನ ಪೆನ್ನನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದರು.

"ಮಗಾ, ನೀನ್ ಮಾಡಿದ್ದು ಸಂಘದಲ್ಲಿ ತೋರ್ಸಾಕೆ ಇರ್ಲಿ. ಬ್ಯಾಂಕಿಗೆ ಇಂತದ್ದೊಂದು ಮಾಡ್ಕೊಡು. ನೋಡ್ಕೋ, ದಾರಾನೂ ಇಷ್ಟೇ ಉದ್ದ ಇರ್ಬೇಕು."